ಸ್ಪರ್ಧಾತ್ಮಕ ಪರೀಕ್ಷೆಗೆ ಅಂದಾಜಿಸುವ ನಿಯಮಗಳನ್ನು ಬಾಯಿಪಾಠ ಮಾಡಿದರೆ ಸಾಕೇ?

ಸಮೀಪದ ಹತ್ತು, ನೂರು, ಸಾವಿರಗಳಿಗೆ ಅಂದಾಜಿಸುವ ನಿಯಮಗಳನ್ನೆಲ್ಲ ಒಂದೇ ಕಡೆ ಕೊಡಿ ಎಂದು ಕೇಳಿದ್ದೀರಿ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಗ ನನ್ನ ಬಳಿಯೂ ಅಂಥದೊಂದು ಪಟ್ಟಿ ಇತ್ತು, ಅದು ಪೂರ್ತಿ ಬಾಯಿಗೆ ಬರುತ್ತಿತ್ತು. ಆದರೂ ಕೋಷ್ಟಕವೊಂದರಲ್ಲಿದ್ದ 38,447ನ್ನು ಸಮೀಪದ ಸಾವಿರಕ್ಕೆ ಅಂದಾಜಿಸಬೇಕಾದಾಗ ನಾನು 39,000 ಎಂದು ಗುರುತಿಸಿದೆ. ಅದೇ ಕೋಷ್ಟಕದ ಉಳಿದ ಪ್ರಶ್ನೆಗಳಿಗೂ ಆ ಬೆಲೆಯನ್ನೇ ಬಳಸಿದೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಪರೀಕ್ಷೆಯಾದ್ದರಿಂದ ಕಟ್ ಆಫ್ ದಾಟಲಾಗಲಿಲ್ಲ.

ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಮಾಡುವಾಗ ಇದು ತಪ್ಪೆಂದು ಅನ್ನಿಸುವುದೇ ಇಲ್ಲ. ಬಿಡಿ ಸ್ಥಾನದಲ್ಲಿ 7 ಇದೆ, ಆದ್ದರಿಂದ 38,450 ಎಂದುಕೊಂಡೆ. ಈಗ ಹತ್ತರ ಸ್ಥಾನದಲ್ಲಿ 5 ಇದೆ, ಆದ್ದರಿಂದ 38,500. ನೂರರ ಸ್ಥಾನದಲ್ಲಿಯೂ 5 ಬಂತು, ಆದ್ದರಿಂದ 39,000. ಪ್ರತಿ ಹೆಜ್ಜೆಯೂ ನಿಯಮದಂತೆಯೇ ಇತ್ತು, ಉತ್ತರ ಮಾತ್ರ ತಪ್ಪಾಗಿತ್ತು. 38,447ಕ್ಕೆ 38,000 ಇರುವುದು 447ರ ದೂರದಲ್ಲಿ, 39,000 ಇರುವುದು 553ರ ದೂರದಲ್ಲಿ; ಸಾವಿರಕ್ಕೆ ಅಂದಾಜಿಸುವಾಗ ಮೂಲ ಸಂಖ್ಯೆಯ ನೂರರ ಸ್ಥಾನದಲ್ಲಿರುವ 4ನ್ನಷ್ಟೇ ನೋಡಿ 38,000 ಎನ್ನಬೇಕಿತ್ತು. ಮೆಟ್ಟಿಲು ಮೆಟ್ಟಿಲಾಗಿ ಹೋದರೆ 38,445ರಿಂದ 38,499ರವರೆಗಿನ 55 ಸಂಖ್ಯೆಗಳೂ ಹೀಗೆಯೇ ಮೋಸ ಮಾಡುತ್ತವೆ, ಮತ್ತು ಪ್ರತಿಯೊಂದು ಸಾವಿರದಲ್ಲಿಯೂ ಅಂಥ 55 ಸಂಖ್ಯೆಗಳಿವೆ. ಒಮ್ಮೆ ಅಂದಾಜಿಸಿದ ಸಂಖ್ಯೆಯನ್ನು ಮತ್ತೆ ಅಂದಾಜಿಸಬೇಡಿ.

ನಿಯಮಗಳ ಪಟ್ಟಿಯೇ ನಿಮಗೆ ಬೇಕಾದದ್ದು ಎಂಬುದನ್ನು ನಾನು ಒಪ್ಪುವುದಿಲ್ಲ. 5 ಅಥವಾ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆಯಿದ್ದರೆ ಕೆಳಕ್ಕೆ ಎಂಬ ಒಂದು ವಾಕ್ಯದಲ್ಲಿ ಅದು ಮುಗಿಯುತ್ತದೆ. ಕೂಡುವುದೋ, ಕಳೆಯುವುದೋ, ಗುಣಿಸುವುದೋ, ಭಾಗಿಸುವುದೋ ಎಂಬುದನ್ನು ನೋಡದೆ ಸಂಖ್ಯೆಗೆ ಕೈ ಹಚ್ಚಬಾರದು. 6,512ರಿಂದ 6,478ನ್ನು ಕಳೆದರೆ ಉಳಿಯುವುದು 34; ಎರಡನ್ನೂ ಸಾವಿರಕ್ಕೆ ಅಂದಾಜಿಸಿ ಕಳೆದರೆ 1,000 ಬರುತ್ತದೆ, ನಿಯಮ ಮುರಿಯದೆಯೇ. 46ನ್ನು 76ರಿಂದ ಗುಣಿಸುವಾಗ ನಿಯಮದಂತೆ 50 ಮತ್ತು 80 ಹಿಡಿದರೆ 4,000 ಆಗುತ್ತದೆ. ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿ 50 ಮತ್ತು 70 ಹಿಡಿದರೆ 3,500. ನಿಜವಾದ ಗುಣಲಬ್ಧ 3,496.

ಭಾಗಾಕಾರದಲ್ಲಿ ಇದು ತಿರುಗುಮುರುಗು: ಎರಡನ್ನೂ ಒಂದೇ ದಿಕ್ಕಿಗೆ ಸರಿಸಬೇಕು. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6,10,95,297, ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಜನಸಂಖ್ಯೆಯನ್ನು 6 ಕೋಟಿಗೆ ಇಳಿಸಿ ವಿಸ್ತೀರ್ಣವನ್ನು 2 ಲಕ್ಷಕ್ಕೆ ಏರಿಸಿದರೆ ಸಾಂದ್ರತೆ 300 ಎಂದಾಗುತ್ತದೆ, ಏಕೆಂದರೆ ಎರಡೂ ಬದಲಾವಣೆಗಳು ಉತ್ತರವನ್ನು ತಗ್ಗಿಸುತ್ತವೆ. ಎರಡನ್ನೂ ಇಳಿಸಿ 6 ಕೋಟಿ 10 ಲಕ್ಷವನ್ನು 1,90,000ದಿಂದ ಭಾಗಿಸಿದರೆ 321; ಪ್ರಕಟಿತ ಅಂಕಿ 319.

ಆಯ್ಕೆಗಳು ಹತ್ತಿರ ಹತ್ತಿರವಿದ್ದರೆ ನೂರಕ್ಕೆ ನಿಲ್ಲಿಸಿ, ದೂರ ದೂರವಿದ್ದರೆ ಸಾವಿರಕ್ಕೆ ಹೋಗಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವಾಗ ಪ್ರಶ್ನೆಗಿಂತ ಮೊದಲು ಆಯ್ಕೆಗಳ ಅಂತರವನ್ನು ಓದುವ ಅಭ್ಯಾಸವನ್ನು ಇಂದಿನಿಂದಲೇ ಮಾಡಿಕೊಳ್ಳಿ.