ಓದುಗರ ಪ್ರಶ್ನೆ: ಕೂಸನ್ನು ಹೊರಲು ಯಾವ ಕ್ಯಾರಿಯರ್?

ಮಗಳಿಗೆ ಎರಡು ತಿಂಗಳು, ತೂಕ ನಾಲ್ಕೂವರೆ ಕೆಜಿ. ನಮ್ಮದು ಮೂರನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ತಿಂಗಳಿಗೊಮ್ಮೆ ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕು. ಬಟ್ಟೆಯನ್ನು ರಿಂಗ್‌ಗೆ ಪೋಣಿಸಿ ಒಂದು ಹೆಗಲಿಗೆ ಹಾಕುವ ರಿಂಗ್ ಸ್ಲಿಂಗ್, ಉದ್ದ ಬಟ್ಟೆಯನ್ನು ಮೈಗೆ ಸುತ್ತಿ ಕಟ್ಟುವ ರ‍್ಯಾಪ್, ಸೊಂಟಕ್ಕೂ ಹೆಗಲಿಗೂ ಬಕಲ್ ಪಟ್ಟಿ ಇರುವ ಬಕಲ್ ಕ್ಯಾರಿಯರ್, ಸೊಂಟಕ್ಕೆ ಕಟ್ಟುವ ಪೀಠದಂಥ ಹಿಪ್ ಸೀಟ್ ಎಂದು ಹತ್ತು ಬಗೆ ಇವೆ. ಒಂದೇ ಕೊಳ್ಳುವುದಾದರೆ ಯಾವುದು? ನನಗೆ ಸಿಝೇರಿಯನ್ ಆಗಿದೆ.
ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಒಂದೇ ಎಂದರೆ ಬಕಲ್ ಕ್ಯಾರಿಯರ್ ಕೊಳ್ಳಿ. ಆದರೆ ಕೂಸು ಕೂರುವ ಪಟ್ಟಿಯ ಅಗಲವನ್ನು ಹಿಗ್ಗಿಸಿ ಕುಗ್ಗಿಸಲು ಬರುವಂಥದ್ದೇ ಇರಲಿ. ಮೆಟ್ಟಿಲಿಗೂ ಪ್ರಯಾಣಕ್ಕೂ ಎರಡೂ ಹೆಗಲಿನ ಮೇಲೆ ಭಾರ ಹಂಚಿ, ಎರಡೂ ಕೈ ಬಿಡುವು ಕೊಡುವುದು ಅದೇ. ಹುಬ್ಬಳ್ಳಿ ನಿಲ್ದಾಣದ ಉದ್ದದ ಪ್ಲಾಟ್‌ಫಾರಂ 1,507 ಮೀಟರ್ ಇದೆ. ನಿಮ್ಮ ಬೋಗಿ ಆ ತುದಿಗೆ ಬಂದು ನಿಂತರೆ, ಚೀಲ ಹಿಡಿದುಕೊಂಡು ಒಂದು ಹೆಗಲಿನ ರಿಂಗ್ ಸ್ಲಿಂಗ್‌ನಲ್ಲಿ ಅಷ್ಟು ದೂರ ನಡೆಯುವುದು ಕಷ್ಟ.

ಕೊಳ್ಳುವ ಮೊದಲು ಮನೆಯಲ್ಲೇ ಒಂದು ಅಳತೆ ತೆಗೆದುಕೊಳ್ಳಿ. ಕೂಸನ್ನು ಅಂಗಾತ ಮಲಗಿಸಿದರೆ ತಾನಾಗಿ ಮಂಡಿ ಮೇಲೆತ್ತಿ ಕಾಲು ಅಗಲಿಸುತ್ತದೆ. ಆಗ ಒಂದು ಮಂಡಿಯ ಹಿಂಬದಿಯಿಂದ ಕುಂಡೆಯ ಕೆಳಗೆ ಹಾಯಿಸಿ ಇನ್ನೊಂದು ಮಂಡಿಯ ಹಿಂಬದಿಯವರೆಗೆ ದಾರ ಹಿಡಿಯಿರಿ. ಪಟ್ಟಿ ಅಷ್ಟು ಅಗಲ ಇರಬೇಕು. ಅದಕ್ಕಿಂತ ಕಿರಿದಾದರೆ ಕಾಲು ನೇರ ಕೆಳಗೆ ಜೋತುಬಿದ್ದು ಭಾರವೆಲ್ಲ ತೊಡೆಸಂದಿಯ ಮೇಲೆ ಬೀಳುತ್ತದೆ. ಅಗಲವಾದರೆ ಕಾಲು ಎಳೆದಂತಾಗಿ ಮಂಡಿ ಮಡಚಲು ಬರುವುದಿಲ್ಲ. ಮಂಡಿ ಕುಂಡೆಗಿಂತ ಮೇಲಿದ್ದು, ಕಾಲುಗಳು ಕಪ್ಪೆಯ ಹಾಗೆ ಮಡಚಿರುವ ಭಂಗಿ ಸೊಂಟದ ಕೀಲಿಗೆ ಒಳ್ಳೆಯದು. ಹೊಟ್ಟೆಯಲ್ಲಿ ಕೂಸು ಉಲ್ಟಾ ಕೂತಿದ್ದರೆ, ಅಥವಾ ಮನೆತನದಲ್ಲಿ ಸೊಂಟದ ಕೀಲು ಜಾರುವ ತೊಂದರೆ ಇದ್ದರೆ, ಮಕ್ಕಳ ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ.

ಲೇಬಲ್ ಮೇಲಿನ ಕನಿಷ್ಠ ತೂಕವನ್ನೂ ನೋಡಿ. ಹಲವು ಬಕಲ್ ಕ್ಯಾರಿಯರ್‌ಗಳಲ್ಲಿ ಅದು 3.2ರಿಂದ 3.5 ಕೆಜಿ. ದಿನ ತುಂಬುವ ಮುಂಚೆ ಹುಟ್ಟಿದ, ತೂಕ ಕಡಿಮೆ ಇರುವ, ಉಸಿರಾಟದ ತೊಂದರೆಯ ಕೂಸುಗಳಿಗೆ ಡಾಕ್ಟರ ಒಪ್ಪಿಗೆ ಇಲ್ಲದೆ ಯಾವ ಬಗೆಯೂ ಬೇಡ.

ತೊಡುವ ಕ್ರಮ ಹೀಗಿರಲಿ. ಸೊಂಟಪಟ್ಟಿಯನ್ನು ಮೊದಲು ಬಿಗಿಯಾಗಿ ಹಾಕಿ. ಕೂಸು ಚಿಕ್ಕದಿದ್ದಷ್ಟು ಪಟ್ಟಿ ಮೇಲಿರಬೇಕು, ಹೊಕ್ಕುಳಿಗಿಂತ ಮೇಲಾದರೂ ಸರಿ. ಕೂಸನ್ನು ಎದೆಗೆ ಆನಿಸಿ ಒಂದು ಕೈಯಲ್ಲಿ ಬೆನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಕೂಸು ಕೂರುವ ಪಟ್ಟಿಯನ್ನು ಅದರ ಬೆನ್ನ ಮೇಲೆತ್ತಿ ಹೆಗಲಪಟ್ಟಿ ಏರಿಸಿ. ಹಿಂದಿನ ಅಡ್ಡಬಕಲ್ ಕಂಕುಳಿನ ಮಟ್ಟಕ್ಕೆ ಬರಲಿ. ಅದು ಕುತ್ತಿಗೆಯ ಹತ್ತಿರ ಏರಿದರೆ ಕುತ್ತಿಗೆ ನೋಯುತ್ತದೆ, ಕೆಳಗಿಳಿದರೆ ಹೆಗಲಪಟ್ಟಿ ಜಾರುತ್ತದೆ. ಎಲ್ಲ ಆದ ಮೇಲೆ ಎರಡೂ ಹೆಗಲಪಟ್ಟಿ ಎಳೆದು ಬಿಗಿ ಮಾಡಿ. ಈಗ ಕೂಸಿನ ಬೆನ್ನಿಗೆ ಅಂಗೈ ಇಟ್ಟು ಸ್ವಲ್ಪ ಬಾಗಿ ನೋಡಿ. ಕೂಸು ನಿಮ್ಮ ಎದೆ ಬಿಟ್ಟು ದೂರ ಸರಿದರೆ ಇನ್ನೂ ಸಡಿಲ ಇದೆ ಎಂದರ್ಥ.

ಬಿಗಿ ಎಂದು ನಾವು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸಡಿಲ ಇದ್ದಲ್ಲಿ ಕೂಸು ಕೆಳಗೆ ಕುಸಿದು ಗದ್ದ ಎದೆಗೆ ಒತ್ತುತ್ತದೆ. ಎಳೆಗೂಸಿನ ಉಸಿರುನಾಳ ಮೆತ್ತಗೆ, ಕಿರಿದು, ತಲೆ ಭಾರ, ಕುತ್ತಿಗೆಗೆ ಅದನ್ನು ಎತ್ತುವ ಶಕ್ತಿ ಇಲ್ಲ. ಉಸಿರು ಕಟ್ಟಿದರೂ ಅದು ಅಳುವುದಿಲ್ಲ, ಮಲಗಿದ ಹಾಗೇ ಕಾಣುತ್ತದೆ. ಮೊದಲ ನಾಲ್ಕು ತಿಂಗಳು ಈ ಅಪಾಯ ಹೆಚ್ಚು. ಗದ್ದಕ್ಕೂ ಎದೆಗೂ ನಡುವೆ ಎರಡು ಬೆರಳು ಹಿಡಿಯಬೇಕು, ಮುಖ ಯಾವಾಗಲೂ ನಿಮಗೆ ಕಾಣುತ್ತಿರಬೇಕು, ನೀವು ತಲೆ ಬಗ್ಗಿಸಿದರೆ ಹಣೆಗೆ ಮುತ್ತು ಕೊಡುವಷ್ಟು ಮೇಲಿರಬೇಕು. ಹಾಲು ಕುಡಿಸಲು ಪಟ್ಟಿ ಇಳಿಸಿದ್ದರೆ, ಕುಡಿದಾದ ಕೂಡಲೇ ಮತ್ತೆ ಮೇಲೆತ್ತಿ ಬಿಗಿ ಮಾಡಿ.

ಹೊಲಿಗೆಯ ಗಾಯದ ಮೇಲೆ ಸೊಂಟಪಟ್ಟಿ ಒತ್ತಬಾರದು. ಹೆರಿಗೆ ಮಾಡಿಸಿದ ಡಾಕ್ಟರು ಸರಿ ಎನ್ನುವವರೆಗೆ ಮನೆಯವರು ಹೊರಲಿ. ಉಳಿದವುಗಳಲ್ಲಿ ಹಿಗ್ಗುವ ಬಟ್ಟೆಯ ಸ್ಟ್ರೆಚಿ ರ‍್ಯಾಪ್ ಎಳೆಗೂಸಿಗೆ ಹಿತ. ಆದರೆ ಅದರ ಮೂರೂ ಪದರ ಮಂಡಿಯಿಂದ ಮಂಡಿಗೆ ಹರಡಲೇಬೇಕು. ಏಳೆಂಟು ಕೆಜಿ ದಾಟಿದರೆ ಬಟ್ಟೆ ಜಗ್ಗಿ ಕೂಸು ಇಳಿಯುತ್ತದೆ, ಬೆನ್ನಿಗಂತೂ ಅದನ್ನು ಕಟ್ಟಲೇಬಾರದು. ರಿಂಗ್ ಸ್ಲಿಂಗ್ ಮನೆಯೊಳಗಿನ ಹತ್ತು ನಿಮಿಷಕ್ಕೆ ಒಳ್ಳೆಯದು. ಅದರಲ್ಲಿ ಬಟ್ಟೆಯನ್ನೆಲ್ಲ ಒಟ್ಟಿಗೆ ಜಗ್ಗಬೇಡಿ. ಮೇಲಂಚು, ಕೆಳಂಚು, ನಡು ಎಂದು ಬೇರೆ ಬೇರೆ ಎಳೆಯಬೇಕು. ಕೂಸು ಅಳುವಾಗ ಮೇಲಂಚನ್ನು ಸಡಿಲ ಬಿಡುವುದು ಹೆಚ್ಚಿನವರು ಮಾಡುವ ತಪ್ಪು. ಹಿಪ್ ಸೀಟ್ ನಿಮಗೆ ಈಗ ಬೇಡ, ಕೂಸು ತಾನೇ ಕೂರುವವರೆಗೆ ಅದರ ಕೆಲಸವಿಲ್ಲ.

ನಮ್ಮ ಆಯಿ ಹಳೇ ಸೀರೆಯಲ್ಲೇ ಕೂಸು ಕಟ್ಟಿಕೊಳ್ಳುತ್ತಿದ್ದರು. ಸಾವಿರಾರು ರೂಪಾಯಿ ಕೊಟ್ಟು ರ‍್ಯಾಪ್ ಕೊಳ್ಳುವ ಬದಲು ಸೀರೆಯೇ ಆಗದೇ?
ಓದುಗರು, ಬೆಟಗೇರಿ, ಗದಗ

ಆಗುತ್ತದೆ. ಸೀರೆಯ ಐದೂವರೆ ಮೀಟರ್ ಉದ್ದ, ನೇಯ್ದ ರ‍್ಯಾಪ್‌ಗಳ ಉದ್ದಕ್ಕೆ ಹತ್ತಿರವೇ ಇದೆ. ಆಯ್ಕೆಯಲ್ಲಿ ಮಾತ್ರ ಜಾಗ್ರತೆ. ಹತ್ತಿಯ ಕೈಮಗ್ಗದ ಸೀರೆಯೇ ಇರಲಿ, ನೈಲಾನ್ ಮತ್ತು ಆರ್ಟ್ ಸಿಲ್ಕ್ ಬೇಡ, ಅವುಗಳ ಗಂಟು ಜಾರುತ್ತದೆ. ಇಳಕಲ್ ಸೀರೆಯಾದರೆ ಭಾರ ಹತ್ತಿಯ ಒಡಲಿನ ಮೇಲೆ ಬೀಳಲಿ, ಸೆರಗು ಜೋಡಿಸಿದ ಭಾಗ ಕೂಸಿನ ಕೆಳಗೆ ಬರದಿರಲಿ. ಹಳೇ ಸೀರೆ ಮೆತ್ತಗಿರುವುದು ನಿಜ, ಆದರೆ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟಿದ್ದರೆ ಆ ಮಡಿಕೆಗುಂಟ ಹರಿಯುತ್ತದೆ. ಬಿಸಿಲಿಗೆ ಹಿಡಿದು ನೋಡಿ, ಎಳೆ ತೆಳುವಾದ ಕಡೆ ಬೆಳಕು ಬೇರೆಯೇ ಕಾಣುತ್ತದೆ. ಆಮೇಲೆ ಹತ್ತು ಕೆಜಿ ಜೋಳದ ಚೀಲ ಕಟ್ಟಿಕೊಂಡು ಮನೆಯೆಲ್ಲ ಓಡಾಡಿ. ಗಂಟು ಜಾರದಿದ್ದರೆ, ಬಟ್ಟೆ ಜಗ್ಗದಿದ್ದರೆ, ಆಗ ಕೂಸು. ಮೊದಲ ಸಲ ಹಾಸಿಗೆಯ ಮೇಲೆ ಕುಳಿತೇ ಕಟ್ಟಿ.

ತೊಲೆಗೆ ಕಟ್ಟುವ ಜೋಳಿಗೆಯ ಹಾಗೆ ಅಡ್ಡ ಮಲಗಿಸಿ ಮಾತ್ರ ಹೊರಬೇಡಿ. ಬಟ್ಟೆ ಬಾಗಿದಾಗ ಕೂಸು ಬಿಲ್ಲಿನಂತೆ ಮಡಚಿ ಗದ್ದ ಎದೆಗೆ ಸೇರುತ್ತದೆ, ಮುಖಕ್ಕೂ ಬಟ್ಟೆ ಬರುತ್ತದೆ. ನೆಟ್ಟಗೆ, ಎದೆಗೆ ಎದೆ ಹಚ್ಚಿಯೇ ಕಟ್ಟಬೇಕು. ಅದೇ ಸೀರೆಗೆ ರಿಂಗ್ ಹಾಕುವ ಯೋಚನೆ ಇದ್ದರೆ ಪರದೆಯ ರಿಂಗ್, ಹಾರ್ಡ್‌ವೇರ್ ಅಂಗಡಿಯ ರಿಂಗ್ ಬೇಡ. ಅವುಗಳ ಬೆಸುಗೆ ಬಿಡುತ್ತದೆ. ಸ್ಲಿಂಗ್‌ಗೆಂದೇ ಮಾಡಿದ, ಬೆಸುಗೆಯ ಗೆರೆ ಇಲ್ಲದ ರಿಂಗ್ ಬೇಕು.

ಒಂಬತ್ತು ತಿಂಗಳ ಮಗನನ್ನು ಕ್ಯಾರಿಯರ್‌ನಲ್ಲಿ ಎದೆಗೆ ಕಟ್ಟಿಕೊಂಡು ಸ್ಕೂಟರ್ ಓಡಿಸಬಹುದೇ?
ಓದುಗರು, ಸಪ್ತಾಪುರ, ಧಾರವಾಡ

ಬೇಡವೇ ಬೇಡ. ಎದೆಗೆ ಕಟ್ಟಿದ ಕೂಸು ನಿಮಗೂ ಹ್ಯಾಂಡಲ್‌ಗೂ ನಡುವೆ ಇರುತ್ತದೆ, ಬಿದ್ದರೆ ನಿಮ್ಮ ಮೈಭಾರವೇ ಅದರ ಮೇಲೆ ಬೀಳುತ್ತದೆ. ಬೇಬಿ ಕ್ಯಾರಿಯರ್ ನಡೆಯುವವರಿಗಾಗಿ ಮಾಡಿದ್ದು. 2022ರಲ್ಲಿ ತಿದ್ದಿದ ಕೇಂದ್ರ ಮೋಟಾರು ವಾಹನ ನಿಯಮದಂತೆ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳನ್ನು ದ್ವಿಚಕ್ರದಲ್ಲಿ ಕೂರಿಸಿದರೆ ಸೇಫ್ಟಿ ಹಾರ್ನೆಸ್, ಅಳತೆಗೆ ಸರಿಯಾದ ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಆ ಹಾರ್ನೆಸ್ ಬೇರೆಯೇ ವಸ್ತು: ಮಗು ತೊಡುವ ಜಾಕೆಟ್, ಅದರ ಪಟ್ಟಿ ಓಡಿಸುವವರ ಹೆಗಲಿಗೆ, ಮೂವತ್ತು ಕೆಜಿ ತಡೆಯುವಂತಿರಬೇಕು. ಒಂಬತ್ತು ತಿಂಗಳ ಕುತ್ತಿಗೆಗೆ ಹೆಲ್ಮೆಟ್ ಭಾರವೇ, ಆದ್ದರಿಂದ ಇನ್ನಷ್ಟು ದಿನ ಬಸ್ಸಿಗೆ ಹೋಗಿ ಎಂದೇ ನಮ್ಮ ಸಲಹೆ. ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸಿನಲ್ಲಿ ಕ್ಯಾರಿಯರ್ ತೊಟ್ಟೇ ಕೂರಬಹುದು. ಕೂತೇ ಹೋಗಿ, ಒಂದು ಕೈ ಮಗುವಿನ ತಲೆಯ ಹಿಂದಿರಲಿ.

ಕೂಸನ್ನು ಹೊರಮುಖ ಮಾಡಿ ಕೂರಿಸುವುದು ಯಾವಾಗಿಂದ?
ಓದುಗರು, ನವನಗರ, ಹುಬ್ಬಳ್ಳಿ

ತಲೆ ಪೂರ್ತಿ ನಿಂತ ಮೇಲೆ, ಅಂದರೆ ಸುಮಾರು ಐದಾರು ತಿಂಗಳಿಗೆ. ಅದೂ ಹದಿನೈದು ಇಪ್ಪತ್ತು ನಿಮಿಷ. ನಿದ್ದೆ ಬಂದ ಕೂಡಲೇ ಒಳಮುಖ ಮಾಡಿ. ಜಾತ್ರೆಯಲ್ಲಿ ಹೊರಮುಖ ಬೇಡ, ಗದ್ದಲಕ್ಕೆ ಹೆದರಿದ ಕೂಸಿಗೆ ಮುಖ ಮರೆಸಲು ಜಾಗವೇ ಇರುವುದಿಲ್ಲ.

ಮೊಮ್ಮಗಗ ಹತ್ತು ತಿಂಗಳು, ಒಂಬತ್ತು ಕೆಜಿ ಅದಾನ. ಮಗಳು ಕೆಲಸಕ್ಕ ಹೋಗ್ತಾಳ. ದಿನಾ ಎಡಬಗಲಾಗ ಎತ್ಕೊಂಡು ಅಡ್ಡ್ಯಾಡಿ ನನಗ ಸೊಂಟ ಹಿಡದೈತಿ. ಹಿಪ್ ಸೀಟ್ ತಂದುಕೊಡ್ತೀನಿ ಅಂತಾಳ. ಉಪಯೋಗ ಆಗ್ತದೇನ್ರಿ?
ಓದುಗರು, ಹಾವೇರಿ

ಆಗ್ತದ್ರೀ ಅವ್ವಾರ, ಆದರೆ ಅರ್ಧ ಮಾತ್ರ. ಬಗಲಲ್ಲಿ ಎತ್ತಿದಾಗ ನೀವು ಸೊಂಟವನ್ನು ಒಂದು ಕಡೆ ಹೊರಚಾಚಿ ಕೂಸಿಗೆ ಪೀಠ ಮಾಡುತ್ತೀರಿ, ನೋವು ಅಲ್ಲಿಂದ ಬರುತ್ತದೆ. ಹಿಪ್ ಸೀಟಿನ ಫೋಮ್ ಪೀಠ ಆ ಕೆಲಸ ಮಾಡಿ ನಿಮ್ಮ ಸೊಂಟವನ್ನು ನೆಟ್ಟಗಿಡುತ್ತದೆ. ಆದರೆ ಹೆಗಲಪಟ್ಟಿ ಇಲ್ಲದ ಹಿಪ್ ಸೀಟಿನಲ್ಲಿ ಒಂದು ಕೈ ಸದಾ ಕೂಸಿನ ಬೆನ್ನಿಗೆ ಇರಬೇಕು. ಭಾರವೆಲ್ಲ ಸೊಂಟಪಟ್ಟಿಯ ಮೇಲೇ ನಿಲ್ಲುವುದರಿಂದ ಬಹಳ ಹೊತ್ತು ತೊಟ್ಟರೆ ಬೆನ್ನಿನ ಕೆಳಭಾಗ ಮತ್ತೆ ನೋಯುತ್ತದೆ. ಹೆಗಲಪಟ್ಟಿ ಜೋಡಿಸಲು ಬರುವುದನ್ನೇ ತರಿಸಿ. ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಇಳಿಸಿ, ಎಡಕ್ಕೆ ಬಲಕ್ಕೆ ಬದಲಿಸಿ. ಮಂಚದ ಅಂಚಿಗೆ ಕುಳಿತು ತೊಟ್ಟು ಆಮೇಲೆ ಏಳಿ, ನೆಲದಿಂದ ಬಗ್ಗಿ ಎತ್ತಬೇಡಿ. ವೆಲ್ಕ್ರೋ ಪಟ್ಟಿಯಲ್ಲಿ ನೂಲು, ಕೂದಲು ತುಂಬಿದರೆ ಹಿಡಿತ ಹೋಗುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ವಾರಕ್ಕೊಮ್ಮೆ ತೆಗೆಯಿರಿ. ಮಂಡಿನೋವು, ಎಲುಬು ಸವೆತ ಇದ್ದರೆ ಹೊರುವುದೇ ಬೇಡ್ರಿ, ಕೌದಿ ಹಾಸಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ಇನ್ನೊಂದು: ರೊಟ್ಟಿ ಬೇಯಿಸುವಾಗ, ಬಿಸಿ ಚಹಾ ಕೈಯಲ್ಲಿದ್ದಾಗ ಕೂಸು ಯಾವ ಕ್ಯಾರಿಯರ್‌ನಲ್ಲೂ ಮೈಮೇಲೆ ಇರಬಾರದು.

ಏಪ್ರಿಲ್ ಬಿಸಿಲಿಗೆ ಮಗು ಬೆವರಿ ಒದ್ದೆಯಾಗುತ್ತದೆ. ಕ್ಯಾರಿಯರ್ ತೊಳೆಯುವುದು ಹೇಗೆ?
ಓದುಗರು, ಗದಗ

ಕ್ಯಾರಿಯರನ್ನೂ ಒಂದು ಪದರ ಬಟ್ಟೆ ಎಂದೇ ಲೆಕ್ಕ ಹಾಕಿ. ಒಳಗೆ ತೆಳು ಹತ್ತಿ ಜಬಲಾ ಸಾಕು, ಕುಂಚಿಗೆ ಬೇಡ. ಕುತ್ತಿಗೆಯ ಹಿಂಬದಿ ಮುಟ್ಟಿ ನೋಡಿ. ಬಿಸಿಯಾಗಿ ಒದ್ದೆಯಾಗಿದ್ದರೆ ಇಳಿಸಿ, ಹಾಲು ಕುಡಿಸಿ. ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಹೊತ್ತೊಯ್ಯುವುದನ್ನು ತಪ್ಪಿಸಿ. ತೊಳೆಯಲು ತಣ್ಣೀರು, ಮೆದು ಸೋಪು, ಕೈಯಲ್ಲೇ. ಬ್ಲೀಚ್ ನೂಲನ್ನು ಕೊಲ್ಲುತ್ತದೆ, ಸುಡುಬಿಸಿಲು ಬಕಲ್‌ನ ಪ್ಲಾಸ್ಟಿಕ್ಕನ್ನು ಪೆಡಸು ಮಾಡುತ್ತದೆ, ಆದ್ದರಿಂದ ನೆರಳಲ್ಲೇ ಒಣಗಿಸಿ. ಜೊಲ್ಲು ಬೀಳುವ ಹೆಗಲಪಟ್ಟಿಗೆ ಕರ್ಚೀಫ್ ಸುತ್ತಿ ಪಿನ್ ಹಾಕದೆ ಹೊಲಿದುಬಿಟ್ಟರೆ ಅದೊಂದನ್ನೇ ಬಿಚ್ಚಿ ತೊಳೆಯಬಹುದು. ಪ್ರತಿ ಸಲ ಒಣಗಿದ ಮೇಲೆ ಪಟ್ಟಿ ಸೇರುವ ಕಡೆಯ ಹೊಲಿಗೆ ನೋಡಿ. ಒಂದು ಎಳೆ ಬಿಟ್ಟಿದ್ದರೂ ರಿಪೇರಿಯಾಗುವವರೆಗೆ ಅದನ್ನು ತೊಡಬೇಡಿ.