ಪಿನ್ನು ಹೊಡೆದ ನಾಲ್ಕನೇ ಭಾಗ

(ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಬಂದ ಹೆಂಗಸು, ಮಂಗಳೂರಿನವರು. ವಯಸ್ಸು ನಲವತ್ತರ ಆಸುಪಾಸು, ಶಾಲೆಯೊಂದರ ಆಫೀಸಿನಲ್ಲಿ ಕೆಲಸ. ಬಾಸೆಲ್ ಮಿಶನ್ ಕಾಲದಿಂದಲೂ ಪ್ರೊಟೆಸ್ಟೆಂಟ್ ಮನೆತನ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ತಾಯಿ ತೀರಿಕೊಂಡಾಗ ಜೊತೆಗೆ ಕೆಲಸ ಮಾಡುವ ಕಥೋಲಿಕ ಗೆಳತಿ ಒಂದು ಪುಸ್ತಕ ಕೊಟ್ಟಿದ್ದರು. ಥಾಮಸ್ ಎ ಕೆಂಪಿಸ್ ಬರೆದ ‘ದಿ ಇಮಿಟೇಶನ್ ಆಫ್ ಕ್ರೈಸ್ಟ್’, ಕ್ರಿಸ್ತನ ಹಾದಿಯಲ್ಲಿ ಬಾಳುವ ಬಗ್ಗೆ ನಾಲ್ಕು ಭಾಗಗಳ ಹಳೇ ಪುಸ್ತಕ.

“ಓದುವಾಗ ಸಮಾಧಾನ ಆಗ್ತದೆ ಮೇಡಂ. ಮುಚ್ಚಿಟ್ಟ ಮೇಲೆ ಏನೋ ತಪ್ಪು ಮಾಡಿದ ಹಾಗೆ. ನಿದ್ದೆ ಬರುವುದಿಲ್ಲ.”

ಗಂಡ ಕೊಲ್ಲಿಯಲ್ಲಿ. ಮನೆಯಲ್ಲಿ ಬಾವನದೇ ಮಾತು. ಅವರು ಸಭೆಯ ಕಮಿಟಿಯಲ್ಲೂ ಇದ್ದಾರೆ. “ಕಥೋಲಿಕರ ಪುಸ್ತಕ ನಮಗೆ ಯಾಕೆ?” ಎಂದು ಶುರುವಾದ ಜಗಳ ಒಂದು ರಾಜಿಯಲ್ಲಿ ಮುಗಿದಿತ್ತು. ಪುಸ್ತಕ ಇರಲಿ, ನಾಲ್ಕನೇ ಭಾಗ ಬೇಡ. ಅದು ಪರಮ ಪ್ರಸಾದದ ಬಗ್ಗೆ, ಪ್ರೊಟೆಸ್ಟೆಂಟರು ಪ್ರಭು ಭೋಜನ ಎನ್ನುವ ರೊಟ್ಟಿ-ದ್ರಾಕ್ಷಾರಸದ ವಿಧಿಯ ಬಗ್ಗೆ ಇರುವ ಭಾಗ. ಇವರು ಅಷ್ಟೂ ಹಾಳೆಗಳನ್ನು ಸೇರಿಸಿ ಸ್ಟೇಪ್ಲರ್ ಹೊಡೆದಿದ್ದರು. ದಪ್ಪಕ್ಕೆ ಒಂದು ಪಿನ್ನು ಸಾಲದೆ ಎರಡೂ ಕಡೆಯಿಂದ ಹೊಡೆದಿದ್ದರು.

ನಾನು ದೇವಶಾಸ್ತ್ರ ಓದಿದವಳಲ್ಲ. ಆದರೆ ಬಾವನ ಹೆದರಿಕೆಗೆ ಉತ್ತರ ಸುಲಭವಿತ್ತು. ಈ ಲೇಖಕ ಸತ್ತದ್ದು 1471ರಲ್ಲಿ. ಪ್ರೊಟೆಸ್ಟೆಂಟರ ದಾರಿ ಬೇರೆಯಾಗಲು ಕಾರಣನಾದ ಲೂಥರ್ ತನ್ನ ವಾದಗಳನ್ನು ಮುಂದಿಟ್ಟದ್ದು 1517ರಲ್ಲಿ, ಅಂದರೆ ಪುಸ್ತಕ ಆ ಒಡಕಿಗಿಂತ ಹಳೆಯದು. ಸಿಎಸ್‌ಐ ಆದದ್ದೇ 1947ರಲ್ಲಿ ಮೆಥಡಿಸ್ಟರೂ ಸೇರಿದಂತೆ ಹಲವು ಸಭೆಗಳು ಕೂಡಿ. ಆ ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯೇ 1735ರಲ್ಲಿ ಇದೇ ಪುಸ್ತಕವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದವರು. ನಾಲ್ಕನೇ ಭಾಗವನ್ನು ಕೈಬಿಡುವುದೂ ಹಳೇ ರೂಢಿ. ಪ್ರೊಟೆಸ್ಟೆಂಟರು ತಂದ ಎಷ್ಟೋ ಪ್ರತಿಗಳಲ್ಲಿ ಆ ಭಾಗವೇ ಇರುವುದಿಲ್ಲ. ಇಷ್ಟು ಹೇಳಿದಾಗ ಅವರು ನಕ್ಕರು. ನಿದ್ದೆಯ ವಿಷಯ ಹಾಗೇ ಉಳಿಯಿತು.

ಪುಸ್ತಕ ಕೊಡಿ ಎಂದೆ. ಮೊದಲ ಭಾಗದ ಆರಂಭದಲ್ಲೇ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ. ಮೇಲಿಂದ ಮೇಲೆ ಎಳೆದು ಹಾಳೆ ಹರಿಯುವಂತಾಗಿತ್ತು. ಯಾರಿಗೂ ತಿಳಿಯದಂತೆ ಇರಲು, ಲೆಕ್ಕಕ್ಕಿಲ್ಲದವರಾಗಿ ಇರಲು ಇಷ್ಟಪಡಿ ಎಂಬ ಅರ್ಥದ ಸಾಲು.

“ಇದನ್ನು ಯಾವಾಗ ಓದ್ತೀರಿ?”

“ಮನೆಯಲ್ಲಿ ಏನಾದ್ರೂ ಆದಾಗ.”

ಏನಾದ್ರೂ ಅಂದರೆ? ಸಂಬಳದ ಎಟಿಎಂ ಕಾರ್ಡು ಬಾವನ ಕೈಯಲ್ಲಿದೆ. ತಾಯಿಯ ವರ್ಷದ ಪ್ರಾರ್ಥನೆಗೆ ದುಡ್ಡು ಕೇಳಿದಾಗ “ಈಗ ಬೇಡ” ಎಂದರಂತೆ. ಇವರು ಸುಮ್ನೆ ಒಳಗೆ ಹೋಗಿ ಆ ಸಾಲನ್ನು ಓದಿದರು. “ಮೊದಲ ಭಾಗದ ಬಗ್ಗೆ ಬಾವ ಏನೂ ಹೇಳಿಲ್ಲ,” ಎಂದರು. ಹೇಳುವುದಿಲ್ಲ, ಅಲ್ವಾ?

ಮನೆಯವರೆಲ್ಲ ಕಾವಲು ನಿಂತದ್ದು ಪುಸ್ತಕದ ತಪ್ಪು ಬಾಗಿಲಿಗೆ. ಪಂಗಡದ ವ್ಯತ್ಯಾಸ ಎಲ್ಲರ ಕಣ್ಣಿಗೂ ಬೀಳುತ್ತದೆ. ಪುಸ್ತಕ ಯಾರಿಗೆ ಬರೆದದ್ದು ಎಂದು ಕೇಳುವವರು ಕಡಿಮೆ. ಕೆಂಪಿಸ್ ನೆದರ್ಲೆಂಡಿನ ಒಂದು ಮಠದಲ್ಲಿ ಬಾಳಿದವರು, ಹೊಸದಾಗಿ ಸೇರಿದ ಸನ್ಯಾಸಿಗಳನ್ನು ತಿದ್ದುತ್ತಿದ್ದವರು. ಹೆಸರು ಮಾಡಬೇಕೆನ್ನುವ ಹುಡುಗನಿಗೆ ಆ ಸಾಲು ಮದ್ದು. ಮೊದಲೇ ಯಾರೂ ಲೆಕ್ಕಕ್ಕೆ ಹಿಡಿಯದ ಹೆಂಗಸಿಗೆ ಅದೇ ಮದ್ದು ಜಾಸ್ತಿಯಾಯಿತು.

ನಾನು ಹೇಳಿದ್ದು ಇಷ್ಟು. ಪುಸ್ತಕ ಬಿಡಬೇಡಿ, ಆದರೆ ಮೊದಲ ಭಾಗಕ್ಕೆ ಸದ್ಯ ರಜೆ ಕೊಡಿ. ಮೂರನೇ ಭಾಗದಲ್ಲಿ ಕ್ರಿಸ್ತನೂ ಶಿಷ್ಯನೂ ಮಾತಾಡಿಕೊಳ್ಳುತ್ತಾರೆ, ಶಿಷ್ಯನೂ ಬಾಯಿ ಬಿಟ್ಟು ಕೇಳುತ್ತಾನೆ. ಅದನ್ನು ಹಗಲು ಹೊತ್ತು ಓದಿ. ನಾಲ್ಕನೆಯದರ ಪಿನ್ನು ತೆಗೆದು ಸಭಾಪಾಲಕರ ಹತ್ತಿರ ಒಯ್ಯಿರಿ. ಪ್ರಭು ಭೋಜನದ ಬಗ್ಗೆ ನಮ್ಮ ಸಭೆ ಏನು ಹೇಳುತ್ತದೆ, ಈ ಪುಸ್ತಕ ಎಲ್ಲಿ ಬೇರೆ ಎಂದು ನೇರವಾಗಿ ಕೇಳಿ. ವ್ಯತ್ಯಾಸ ಗೊತ್ತಿದ್ದು ಓದುವವರಿಗೆ ಕದ್ದು ಓದಿದ ಭಾವನೆ ಬರುವುದಿಲ್ಲ. ನಿದ್ದೆಗಾಗಿ ಡಾಕ್ಟರನ್ನು ಕಾಣಲು ಚೀಟಿ ಬರೆದುಕೊಟ್ಟೆ. ಕಾರ್ಡಿನ ವಿಷಯವನ್ನು ಮೊದಲು ಗಂಡನಿಗೆ ಹೇಳಿ, ಬಾವನಿಗೆ ಆಮೇಲೆ ಎಂದೆ.

ಸಭಾಪಾಲಕರು ಬೈಯಲಿಲ್ಲವಂತೆ, ಓದಿ ಕೊಡುತ್ತೇನೆಂದು ಪುಸ್ತಕವನ್ನೇ ಇಟ್ಟುಕೊಂಡರಂತೆ. ನಿದ್ದೆ ಸ್ವಲ್ಪ ಸುಧಾರಿಸಿದೆ. ಕಾರ್ಡು ಇನ್ನೂ ಬಂದಿಲ್ಲ. ಗಂಡ ಕ್ರಿಸ್ಮಸ್‌ಗೆ ರಜೆಯಲ್ಲಿ ಬರುತ್ತಾರೆ. ಆಗ ಇಬ್ಬರೂ ಒಟ್ಟಿಗೆ ಬನ್ನಿ ಎಂದಿದ್ದೇನೆ.