ಬ್ಯಾರಿ ಮಾರ್ಷಲ್ ಬ್ಯಾಕ್ಟೀರಿಯಾ ಕುಡಿದು ಅಲ್ಸರ್ ಬರಿಸಿಕೊಂಡು ನೊಬೆಲ್ ಪಡೆದರಂತೆ, ನಿಜವೇ? ಅವರ ಪೇಪರ್‌ಗಳಲ್ಲಿ ಯಾವುದನ್ನು ಓದಬೇಕು?

ಆಸ್ಟ್ರೇಲಿಯಾದ ವೈದ್ಯ ಮಾರ್ಷಲ್ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಕುಡಿದದ್ದು ನಿಜ. ಅಲ್ಸರ್, ಅಂದರೆ ಹುಣ್ಣು, ಬಂದದ್ದು ಸುಳ್ಳು. ಬಾಯಿಂದ ಬಾಯಿಗೆ ಹೋಗುತ್ತಾ ಕತೆಗೆ ರೆಕ್ಕೆಪುಕ್ಕ ಬಂದಿದೆ, ಅಷ್ಟೇ.

ಕುಡಿದದ್ದರ ಪೇಪರ್ 1985ರಲ್ಲಿ 'ಮೆಡಿಕಲ್ ಜರ್ನಲ್ ಆಫ್ ಆಸ್ಟ್ರೇಲಿಯಾ'ದಲ್ಲಿ ಬಂತು. ತಮಾಷೆ ನೋಡಿ, ಅದರ ಸಾರಾಂಶದಲ್ಲಿ 'ಒಬ್ಬ ಸ್ವಯಂಸೇವಕ' ಅಂತಷ್ಟೇ ಇದೆ. ಆ ಪುಣ್ಯಾತ್ಮ ಮಾರ್ಷಲ್ ಅವರೇ! ಕುಡಿಯುವ ಮೊದಲು ಅವರ ಹೊಟ್ಟೆಯ ಒಳಪದರ ಚೆನ್ನಾಗಿತ್ತು. 10ನೇ ದಿನ ಬಯಾಪ್ಸಿ (ಪರೀಕ್ಷೆಗೆಂದು ಒಳಪದರದ ಸಣ್ಣ ಚೂರು) ತೆಗೆದಾಗ ಗ್ಯಾಸ್ಟ್ರೈಟಿಸ್, ಅಂದರೆ ಒಳಪದರದ ಉರಿಯೂತ, ಕಾಣಿಸಿತು. 14ನೇ ದಿನಕ್ಕೆ ಅದು ಬಹುಪಾಲು ತಾನಾಗಿಯೇ ಇಳಿದಿತ್ತು. ಆಂಟಿಬಯಾಟಿಕ್ ತಗೊಂಡದ್ದು ಅದಾದ ಮೇಲೆ. ಹಾಗಾಗಿ ಆ ಪೇಪರ್ ತೋರಿಸಿದ್ದು ಇಷ್ಟು: ಆರೋಗ್ಯವಾಗಿದ್ದ ಹೊಟ್ಟೆಗೆ ಈ ಬ್ಯಾಕ್ಟೀರಿಯಾ ಹೋದರೆ ಉರಿಯೂತ ಬರುತ್ತದೆ. ಹುಣ್ಣಿನ ಮಾತು ಬೇರೆ. (ನ್ಯೂಜಿಲೆಂಡಿನ ಆರ್ಥರ್ ಮಾರಿಸ್ ಕೂಡ ಇದೇ ಸಾಹಸ ಮಾಡಿದರು. ಅವರಿಗೆ ಸೋಂಕು ಬೇಗ ಬಿಡಲಿಲ್ಲ, ಪಾಪ.)

ನಾನು ಕೆಲವು ವರ್ಷ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡಿದವನು. ನನಗೆ ಹೆಚ್ಚು ಇಷ್ಟವಾಗುವುದು ಕುಡಿದ ಕತೆಯಲ್ಲ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಕತೆ. 1979ರಲ್ಲಿ ಆಸ್ಟ್ರೇಲಿಯಾದ ರಾಯಲ್ ಪರ್ತ್ ಆಸ್ಪತ್ರೆಯ ಪೆಥಾಲಜಿಸ್ಟ್ ರಾಬಿನ್ ವಾರೆನ್ ಹೊಟ್ಟೆಯ ಬಯಾಪ್ಸಿಯಲ್ಲಿ ಬಾಗಿದ ಆಕಾರದ ಬ್ಯಾಕ್ಟೀರಿಯಾ ಗಮನಿಸಿದರು. ಹೊಟ್ಟೆಯ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾವೂ ಬಾಳುವುದಿಲ್ಲ ಅಂತ ಆಗ ಎಲ್ಲರೂ ನಂಬಿದ್ದರು. ಮಾರ್ಷಲ್ ಬಂದು ವಾರೆನ್ ಜೊತೆ ಸೇರಿದ್ದು 1981ರಲ್ಲಿ. ಮರುವರ್ಷ 100 ರೋಗಿಗಳ ಬಯಾಪ್ಸಿ ಸಂಗ್ರಹಿಸತೊಡಗಿದರು. ಕಲ್ಚರ್, ಅಂದರೆ ಲ್ಯಾಬಿನಲ್ಲಿ ಬೆಳೆಸುವ ಬ್ಯಾಕ್ಟೀರಿಯಾ, ಮಾತ್ರ ಏನು ಮಾಡಿದರೂ ಬೆಳೆಯಲಿಲ್ಲ. ಎರಡು ದಿನಕ್ಕೆ ಏನೂ ಕಾಣದಿದ್ದರೆ ಪ್ಲೇಟ್ ಎಸೆಯುವುದು ಲ್ಯಾಬಿನ ವಾಡಿಕೆ. ಆ ಸಲ ಈಸ್ಟರ್ ರಜೆ ಬಂತು, ಪ್ಲೇಟುಗಳು ಸುಮ್ನೆ ಇನ್‌ಕ್ಯುಬೇಟರಿನಲ್ಲೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಬೆಳೆದಿತ್ತು! ಇದಕ್ಕೆ ಎರಡು ದಿನ ಸಾಲದು, ಅಷ್ಟೇ ವಿಷಯ. ಎಷ್ಟು ಪ್ಲೇಟುಗಳನ್ನು ನಾನೂ ಹೀಗೇ ಬೇಗ ಎಸೆದಿದ್ದೇನೋ ಅಂತ ಅನ್ನಿಸಿ ಈಗಲೂ ಕಸಿವಿಸಿ ಆಗುತ್ತದೆ.

ಇದೆಲ್ಲ 1984ರ 'ಲ್ಯಾನ್ಸೆಟ್' ಪೇಪರ್‌ನಲ್ಲಿದೆ. 58 ಜನರಲ್ಲಿ ಬ್ಯಾಕ್ಟೀರಿಯಾ ಕಂಡಿತು, ಕಲ್ಚರ್ ಆದದ್ದು 11 ಮಾತ್ರ. ಯಾಕೆ ಇಷ್ಟು ಕಮ್ಮಿ ಅನ್ನುವುದಕ್ಕೆ ಮೇಲಿನ ಕತೆಯೇ ಒಂದು ಕಾರಣ. ಸಣ್ಣಕರುಳಿನ ಶುರುವಿನಲ್ಲಿ, ಅಂದರೆ ಡುವೊಡಿನಮ್‌ನಲ್ಲಿ, ಹುಣ್ಣಿದ್ದ 13 ಜನರಲ್ಲಿ 13 ಜನರಿಗೂ ಬ್ಯಾಕ್ಟೀರಿಯಾ ಇತ್ತು. ಆದರೂ ಜೊತೆಗಿದ್ದದ್ದೆಲ್ಲ ಕಾರಣ ಆಗುವುದಿಲ್ಲ, ಅಲ್ವಾ? ಹುಣ್ಣಾದ ಜಾಗಕ್ಕೆ ಬ್ಯಾಕ್ಟೀರಿಯಾ ಆಮೇಲೆ ಬಂದು ಸೇರಿರಬಹುದಲ್ಲ ಅಂತ ಕೇಳಿದವರದ್ದು ಮೊಂಡುವಾದವೇನಲ್ಲ.

ಅದಕ್ಕೇ ಒಂದೇ ಪೇಪರ್ ಓದುವುದಾದರೆ 1988ರ ಲ್ಯಾನ್ಸೆಟ್ ಪೇಪರ್ ಓದಿ ಅನ್ನುತ್ತೇನೆ. ಆಗ ಅಲ್ಸರಿಗೆ ಕೊಡುತ್ತಿದ್ದದ್ದು ಸಿಮೆಟಿಡಿನ್ ಥರದ ಆಮ್ಲ ಕಮ್ಮಿ ಮಾಡುವ ಮಾತ್ರೆ. ಹುಣ್ಣು ಮಾಯುತ್ತಿತ್ತು, ಮಾತ್ರೆ ಬಿಟ್ಟರೆ ಮತ್ತೆ ಬರುತ್ತಿತ್ತು. ಮಾರ್ಷಲ್ ತಂಡದವರು ಡುವೊಡಿನಮ್ ಹುಣ್ಣೂ ಸೋಂಕೂ ಎರಡೂ ಇದ್ದ 100 ಜನರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿದರು. ಕೆಲವರಿಗೆ ಸಿಮೆಟಿಡಿನ್, ಕೆಲವರಿಗೆ ಈ ಬ್ಯಾಕ್ಟೀರಿಯಾವನ್ನೂ ಕೊಲ್ಲಬಲ್ಲ ಬಿಸ್ಮತ್ ಔಷಧ. ಜೊತೆಗೆ ಮೊದಲ 10 ದಿನ ಟಿನಿಡಜೋಲ್ ಅನ್ನುವ ಆಂಟಿಬಯಾಟಿಕ್, ಇಲ್ಲವೇ ಔಷಧವಿಲ್ಲದ ಹುಸಿ ಮಾತ್ರೆ. ಬ್ಯಾಕ್ಟೀರಿಯಾ ಉಳಿದವರಲ್ಲಿ 61% ಹುಣ್ಣು ಮಾಯಿತು, ಆದರೆ 84% ಮರುಕಳಿಸಿತು. ಬ್ಯಾಕ್ಟೀರಿಯಾ ಹೋದವರಲ್ಲಿ 92% ಮಾಯಿತು, ಒಂದು ವರ್ಷದಲ್ಲಿ ಮರುಕಳಿಸಿದ್ದು 21% ಮಾತ್ರ. ಬ್ಯಾಕ್ಟೀರಿಯಾ ತೆಗೆದರೆ ಹುಣ್ಣು ತಿರುಗಿ ಬರುವುದು ಕಮ್ಮಿಯಾಗುತ್ತದೆ ಅಂದಮೇಲೆ 'ಆಮೇಲೆ ಬಂದು ಸೇರಿರಬಹುದು' ಅನ್ನುವ ವಾದ ನಿಲ್ಲುವುದಿಲ್ಲ. ಕುಡಿದ ಲೋಟಕ್ಕಿಂತ ಈ ಲೆಕ್ಕವೇ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ಕೊರತೆಯೂ ಇದೆ: ಬಿಸ್ಮತ್, ಟಿನಿಡಜೋಲ್ ಎರಡೂ ಕೊಟ್ಟರೂ ಸೋಂಕು ಪೂರ್ತಿ ಹೋದದ್ದು 70% ಜನರಿಗೆ. ಹಾಗಾಗಿಯೇ ಆಮೇಲೆ ಒಂದಕ್ಕಿಂತ ಹೆಚ್ಚು ಆಂಟಿಬಯಾಟಿಕ್ ಸೇರಿಸಿ ಕೊಡುವ ಕ್ರಮ ಬಂತು.

ನೊಬೆಲ್ 2005ರಲ್ಲಿ ಬಂತು, ಮಾರ್ಷಲ್ ಮತ್ತು ವಾರೆನ್ ಇಬ್ಬರಿಗೂ. ವಾರೆನ್ ಹೆಸರನ್ನು ಜನ ಮರೆಯುವುದು ನನಗೆ ಬೇಸರ.

ಹುಡುಕುವಾಗ ಒಂದು ನೆನಪಿಡಿ. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಹೆಸರು ಬಂದದ್ದೇ 1989ರಲ್ಲಿ. 1988ರ ಪೇಪರ್‌ನ ತಲೆಬರಹದಲ್ಲಿ ಅದು ಕ್ಯಾಂಪಿಲೋಬ್ಯಾಕ್ಟರ್ ಪೈಲೋರಿ. 1984ರದ್ದರಲ್ಲಿ ಹೆಸರೇ ಇಲ್ಲ, ಬರೀ 'ಗುರುತಿಸದ ಬಾಗಿದ ಬ್ಯಾಸಿಲಸ್‌ಗಳು' (ಕಡ್ಡಿಯಾಕಾರದ ಬ್ಯಾಕ್ಟೀರಿಯಾ) ಅಂತಿದೆ.